ಸ್ಕೇಲ್ ಕೈಗೆ ಕೊಡುವ ಮೊದಲು: ಚಿಕ್ಕ ಮಕ್ಕಳಿಗೆ ಅಳತೆ, ಆಕಾರ ಕಲಿಸುವ ಬಗೆ

"ಮಗು ಎಲ್ಲ ಶೇಪ್‌ಗಳ ಹೆಸರು ಹೇಳುತ್ತೆ. ಆದರೆ ಪೆನ್ಸಿಲ್ ಅಳೆ ಅಂದರೆ ತಪ್ಪು ಮಾಡುತ್ತೆ. ಏನು ಮಾಡೋದು?" ಅಪ್ಪ ಅಮ್ಮಂದಿರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರು ವಿಜಯನಗರದವರಿರಲಿ, ವೈಟ್‌ಫೀಲ್ಡ್‌ನವರಿರಲಿ, ತಪ್ಪು ಮಾತ್ರ ಹೆಚ್ಚುಕಮ್ಮಿ ಒಂದೇ. ಮಗು ಪೆನ್ಸಿಲ್ಲಿನ ತುದಿಯನ್ನು ಸ್ಕೇಲಿನ 1ರ ಗೆರೆಗೆ ಇಡುತ್ತದೆ. ಇನ್ನೊಂದು ತುದಿ 8ಕ್ಕೆ ಬಂದರೆ "ಎಂಟು" ಅನ್ನುತ್ತದೆ. ನಾವು "ಅಲ್ಲ, ಸೊನ್ನೆಯಿಂದ ಇಡು" ಅಂತ ತಿದ್ದುತ್ತೇವೆ. ಮಗು ಹಾಗೇ ಇಡುತ್ತದೆ, ಉತ್ತರ ಸರಿ ಬರುತ್ತದೆ. ಸೊನ್ನೆಯಿಂದಲೇ ಯಾಕೆ ಅನ್ನೋದು ಮಾತ್ರ ಅದಕ್ಕೆ ಗೊತ್ತಾಗಿರುವುದಿಲ್ಲ.

ಇದರಲ್ಲಿ ಮಗುವಿನ ತಪ್ಪಿಲ್ಲ. ನಾವು ಸ್ಕೇಲನ್ನು ಬೇಗ ಕೊಟ್ಟುಬಿಟ್ಟಿದ್ದೇವೆ. ಅಳತೆ ಅಂದರೆ ಒಂದೇ ಸಮ ಇರುವ ತುಂಡುಗಳನ್ನು ಸಾಲಾಗಿ ಇಡುತ್ತಾ ಹೋಗಿ, ಎಷ್ಟು ತುಂಡು ಹಿಡಿಯಿತು ಅಂತ ಎಣಿಸುವುದು. ಸ್ಕೇಲಿನಲ್ಲಿ ಆ ಕೆಲಸವನ್ನು ಯಾರೋ ಮೊದಲೇ ಮಾಡಿ ಗೆರೆ ಎಳೆದಿಟ್ಟಿದ್ದಾರೆ. ಒಮ್ಮೆಯೂ ತನ್ನ ಕೈಯಾರೆ ಆ ಕೆಲಸ ಮಾಡದ ಮಗುವಿಗೆ ಸ್ಕೇಲ್ ಅಂದರೆ ಅಂಕಿ ಬರೆದ ಒಂದು ಪಟ್ಟಿ, ಅಷ್ಟೇ.

ಈ ಲೇಖನ ನಾಲ್ಕರಿಂದ ಎಂಟು ವರ್ಷದ ಮಕ್ಕಳ ಅಪ್ಪ ಅಮ್ಮಂದಿರಿಗೆ, ಅಜ್ಜಿ ತಾತಂದಿರಿಗೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಸಲಕ್ಕೆ ಹದಿನೈದು ನಿಮಿಷ ಸಾಕು. ಮಗು ಎದ್ದು ಹೋದರೆ ಅವತ್ತಿಗೆ ನಿಲ್ಲಿಸಿ.

ಏನೇನು ಬೇಕು

ಒಂದು ಉಂಡೆ ದಾರ, ಸೀಮೆಸುಣ್ಣ, ಕತ್ತರಿ. ಮನೆಯಲ್ಲಿ ಬಿದ್ದಿರುವ ಹಳೆ ಮದುವೆ ಕಾರ್ಡುಗಳು, ದಪ್ಪ ಇದ್ದಷ್ಟೂ ಒಳ್ಳೆಯದು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಐಸ್‌ಕ್ರೀಮ್ ಕಡ್ಡಿಯ ಒಂದು ಕಟ್ಟು. ಬೆಂಕಿಕಡ್ಡಿ ಬೇಡ, ಮದ್ದು ಮುರಿದಾಗ ಉದ್ದ ಹೆಚ್ಚುಕಮ್ಮಿಯಾಗುತ್ತದೆ. ತೊಳೆದಿಟ್ಟ ಅರ್ಧ ಲೀಟರ್ ಹಾಲಿನ ಪ್ಯಾಕೆಟ್, ಬೇರೆ ಬೇರೆ ಆಕಾರದ ಎರಡು ಲೋಟ. ಟೈಲರ್ ಟೇಪು ಮತ್ತು ಸ್ಕೇಲ್ ಕೂಡ ಬೇಕು, ಆದರೆ ಸದ್ಯಕ್ಕೆ ಅವೆರಡನ್ನೂ ಬೀರುವಿನೊಳಗೆ ಇಡಿ.

1. ಮೊದಲು ಮಾತು ಸರಿಯಾಗಲಿ

"ದೊಡ್ಡದು" ಅನ್ನೋದು ಸೋಮಾರಿ ಮಾತು. ಉದ್ದವೂ ದೊಡ್ಡದು, ಎತ್ತರವೂ ದೊಡ್ಡದು, ಭಾರವೂ ದೊಡ್ಡದು ಅಂದರೆ ಮಗುವಿಗೆ ಯಾವುದನ್ನು ನೋಡಬೇಕು ಅಂತಲೇ ತಿಳಿಯುವುದಿಲ್ಲ. ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಉದ್ದ, ಗಿಡ್ಡ, ಎತ್ತರ, ಅಗಲ, ದಪ್ಪ, ತೆಳು, ಆಳ. ಒಂದು ವಾರ ಮನೆಯಲ್ಲಿ ದೊಡ್ಡದು ಚಿಕ್ಕದು ಬಿಟ್ಟು ಈ ಪದಗಳನ್ನೇ ಬಳಸಿ. "ಬೀನ್ಸ್ ಉದ್ದ, ಬದನೆಕಾಯಿ ದಪ್ಪ. ಈ ಚಪಾತಿ ಅಗಲ, ಆದರೆ ತೆಳು."

ಆಮೇಲೆ ಎರಡು ವಸ್ತು ಪಕ್ಕಪಕ್ಕ ಇಟ್ಟು ಹೋಲಿಸಿ. ಒಂದು ಕಡೆಯ ತುದಿಗಳು ಸರಿಯಾಗಿ ಕೂಡಬೇಕು ಅನ್ನೋದನ್ನು ಇಲ್ಲಿ ಮಗುವೇ ಕಂಡುಕೊಳ್ಳಲಿ. ಅಣ್ಣ ನೆಲದ ಮೇಲೆ, ತಂಗಿ ಮಣೆಯ ಮೇಲೆ ನಿಂತು "ಯಾರು ಎತ್ತರ?" ಅಂತ ಕೇಳಿ. "ಇದು ಮೋಸ!" ಅಂತ ಕೂಗು ಬಂದರೆ ಪಾಠ ಆಯಿತು ಅಂತ ಲೆಕ್ಕ.

ಒಂದು ಎಚ್ಚರಿಕೆ. ಸಮ ಉದ್ದದ ಎರಡು ಕಡ್ಡಿ ಪಕ್ಕಪಕ್ಕ ಇಟ್ಟು, ಒಂದನ್ನು ಸ್ವಲ್ಪ ಮುಂದಕ್ಕೆ ಸರಿಸಿ. ಐದು ವರ್ಷದ ಮಗು "ಈಗ ಇದು ಉದ್ದ" ಅನ್ನಬಹುದು. ಅಗಲ ಲೋಟದ ನೀರನ್ನು ಸಣ್ಣ ಬಾಯಿಯ ಎತ್ತರದ ಲೋಟಕ್ಕೆ ಸುರಿದರೆ "ನೀರು ಜಾಸ್ತಿ ಆಯಿತು" ಅನ್ನಬಹುದು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ಮಕ್ಕಳ ಜೊತೆ ಕೂತು ಗಮನಿಸಿದ್ದರು. ಅದು ಹಟವೂ ಅಲ್ಲ, ದಡ್ಡತನವೂ ಅಲ್ಲ. ಆರೇಳು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ತಾವಾಗಿಯೇ ಇದನ್ನು ದಾಟುತ್ತಾರೆ. ಗದರಬೇಡಿ. "ವಾಪಸ್ ಸುರಿದು ನೋಡೋಣ್ವಾ?" ಅನ್ನಿ, ಸಾಕು.

2. ದಾರ ಹಿಡಿದು ಹೋಲಿಸುವುದು

ಎರಡು ವಸ್ತುಗಳನ್ನು ಹತ್ತಿರ ತರಲು ಆಗದಿದ್ದರೆ? ಈ ಬೀರು ಆ ಬಾಗಿಲಲ್ಲಿ ಹಿಡಿಯುತ್ತಾ? ದಾರದಲ್ಲಿ ಬೀರುವಿನ ಅಗಲ ಹಿಡಿದುಕೊಂಡು ಬಾಗಿಲ ಹತ್ತಿರ ಹೋಗಿ ನೋಡಲಿ. ಲಾಲ್‌ಬಾಗಿಗೆ ಹೋದಾಗ ದಾರ ಜೇಬಿನಲ್ಲಿರಲಿ. ಎರಡು ಮರ ತೋರಿಸಿ, ಯಾವುದರ ಸುತ್ತು ಜಾಸ್ತಿ ಅಂತ ಮೊದಲು ಊಹೆ ಹೇಳಲಿ, ಆಮೇಲೆ ದಾರ ಸುತ್ತಿ ನೋಡಲಿ. ಇಲ್ಲಿ ಅಂಕಿ ಇನ್ನೂ ಬೇಡ. ದಾರ ಜಗ್ಗಿ ಹಿಡಿಯಬೇಕು, ಸಡಿಲ ಬಿಟ್ಟರೆ ಲೆಕ್ಕ ತಪ್ಪುತ್ತದೆ.

3. ಗೇಣು, ಮೊಳ, ಮಾರು

ಗಾಂಧಿ ಬಜಾರಿನಲ್ಲೋ ನಿಮ್ಮ ಬೀದಿಯ ತಿರುವಿನಲ್ಲೋ ಹೂ ಮಾರುವವರ ಮುಂದೆ ಮಗುವನ್ನು ಒಂದು ನಿಮಿಷ ಸುಮ್ನೆ ನಿಲ್ಲಿಸಿ. ಹೂವಿನ ಸರದ ಒಂದು ತುದಿಯನ್ನು ಬೆರಳಿನಲ್ಲಿ ಹಿಡಿದು, ಮೊಣಕೈವರೆಗೆ ಎಳೆದು, "ಒಂದು", ಮತ್ತೆ ಅಲ್ಲಿಂದ ಹಿಡಿದು, "ಎರಡು". ಮೊದಲ ಮೊಳ ಮುಗಿದ ಜಾಗವನ್ನು ಬೆರಳು ಬಿಡುವುದೇ ಇಲ್ಲ, ನೋಡಿ. ಎರಡನೆಯ ಮೊಳ ಶುರುವಾಗುವುದು ಅದೇ ಜಾಗದಿಂದ. ಅಳತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ವಿಡಿಯೋ ನನಗಂತೂ ಸಿಕ್ಕಿಲ್ಲ.

ಈಗಿನ ಅಪ್ಪ ಅಮ್ಮಂದಿರಲ್ಲಿ ಕೆಲವರಿಗೇ ಈ ಪದಗಳು ಮರೆತಿರುತ್ತವೆ, ಅದಕ್ಕೆ ಹೇಳುತ್ತೇನೆ. ಹೆಬ್ಬೆರಳು ತೋರುಬೆರಳು ಚಾಚಿದರೆ ಚೋಟು. ಹೆಬ್ಬೆರಳಿನಿಂದ ಕಿರುಬೆರಳಿಗೆ ಗೇಣು. ಮೊಣಕೈಯಿಂದ ನಡುಬೆರಳ ತುದಿಗೆ ಮೊಳ. ಎರಡೂ ಕೈ ಚಾಚಿದರೆ ಮಾರು. "ಚೋಟುದ್ದ ಇದ್ದಾನೆ, ಮಾರುದ್ದ ಮಾತಾಡ್ತಾನೆ" ಅಂತ ಅಜ್ಜಿ ಬೈದದ್ದರ ಅರ್ಥ ಮಗುವಿಗೆ ಈಗ ತಿಳಿಯುತ್ತದೆ! ಎರಡು ಗೇಣು ಸುಮಾರಾಗಿ ಒಂದು ಮೊಳ. ಮಗು ತನ್ನ ಕೈಯಲ್ಲೇ ಅಳೆದು ನೋಡಲಿ.

ಈಗ ಊಟದ ಟೇಬಲ್. ಅಮ್ಮ ಗೇಣು ಹಾಕಿದರೆ ಏಳು ಬಂತು ಅನ್ನಿ. ಮಗು ಹಾಕಿದರೆ ಹನ್ನೊಂದು. ಟೇಬಲ್ ಒಂದೇ, ಅಂಕಿ ಎರಡು. ಯಾಕೆ? ಇಲ್ಲಿ ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ. ತುಂಡು ಚಿಕ್ಕದಾದಷ್ಟೂ ಎಣಿಕೆ ಜಾಸ್ತಿ ಅನ್ನೋದು ಅಳತೆಯ ಜೀವಾಳ. ಅದನ್ನು ನೀವು ಹೇಳಿದರೆ ಮಗು ತಲೆಯಾಡಿಸಿ ಮರೆತುಬಿಡುತ್ತದೆ. ತಾನೇ ಕಂಡುಕೊಂಡರೆ ಮರೆಯುವುದಿಲ್ಲ. ಎರಡು ದಿನ ಆದರೂ ಪರವಾಗಿಲ್ಲ, ಕಾಯಿರಿ.

ಎಲ್ಲರ ಕೈಯೂ ಬೇರೆ ಬೇರೆ ಆದರೆ ಜಗಳ ಆಗುವುದಿಲ್ವಾ ಅಂತ ಮಗು ಕೇಳುತ್ತದೆ. ಆಗ ಹೇಳಿ: ಅದಕ್ಕೇ ಎಲ್ಲರಿಗೂ ಒಂದೇ ಅಳತೆ ಬಂತು. ನಮ್ಮ ದೇಶದಲ್ಲಿ ಮೀಟರ್, ಕಿಲೋಗ್ರಾಂ ಕಡ್ಡಾಯ ಮಾಡುವ ಕಾನೂನು ಆದದ್ದು 1956ರಲ್ಲಿ.

4. ಕಡ್ಡಿ ಇಟ್ಟು ಎಣಿಸುವುದು, ತನ್ನದೇ ಸ್ಕೇಲ್ ಮಾಡುವುದು

ಐಸ್‌ಕ್ರೀಮ್ ಕಡ್ಡಿಗಳನ್ನು ಚಾಪೆಯ ಅಂಚಿಗೆ ಸಾಲಾಗಿ ಇಡಲಿ. ಇಲ್ಲಿ ನಾಲ್ಕು ತಪ್ಪು ಆಗುತ್ತವೆ. ಕಡ್ಡಿಗಳ ನಡುವೆ ಸಂದು ಬಿಡುವುದು, ಒಂದರ ಮೇಲೊಂದು ಹತ್ತಿಸುವುದು, ಸಾಲು ಸೊಟ್ಟ ಹೋಗುವುದು, ನಡುವೆ ಬೇರೆ ಉದ್ದದ ಕಡ್ಡಿ ಸೇರಿಸುವುದು. ಒಂದೊಂದನ್ನೂ ತಿದ್ದುತ್ತಾ ಹೋಗಬೇಡಿ. ನೀವೇ ಬೇಕೆಂದು ಸಂದು ಬಿಟ್ಟು ಇಟ್ಟು "ನನಗೆ ಎಂಟೇ ಬಂತಲ್ಲ, ನಿನಗೆ ಹತ್ತು ಹೇಗೆ?" ಅಂತ ಕೇಳಿ. ಮಗು ನಿಮ್ಮ ತಪ್ಪು ಹಿಡಿಯುವಾಗ ತನ್ನದನ್ನೂ ಸರಿಮಾಡಿಕೊಳ್ಳುತ್ತದೆ.

ಸಂದು ಬಿಡಬಾರದು ಅನ್ನೋದು ಬರೀ ಮಕ್ಕಳ ಪಾಠ ಅಂದುಕೊಳ್ಳಬೇಡಿ. 1804ರಲ್ಲಿ ಇದೇ ಬೆಂಗಳೂರಿನಲ್ಲಿ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ದೇಶದ ನೆಲ ಅಳೆಯುವ ಮಹಾ ಸರ್ವೆಗಾಗಿ ಏಳು ಮೈಲಿಗೂ ಜಾಸ್ತಿ ಉದ್ದದ ಒಂದು ನೇರ ಗೆರೆಯನ್ನು ಅಳೆಸಿದರು. ಕೈಯಲ್ಲಿದ್ದದ್ದು 100 ಅಡಿಯ ಉಕ್ಕಿನ ಸರಪಳಿ. ಅದನ್ನು ಮುಗಿದ ಜಾಗದಿಂದ ಮತ್ತೆ ಮತ್ತೆ ಇಡುತ್ತಾ ಹೋಗಬೇಕಿತ್ತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ ಅಂತ ಅದರ ಬಿಸಿಯನ್ನೂ ನೋಡಿ ಲೆಕ್ಕ ಹಿಡಿದಿದ್ದರು. ದೊಡ್ಡ ಮಕ್ಕಳಿಗೆ ಈ ಕತೆ ಇಷ್ಟವಾಗುತ್ತದೆ.

ಮುಂದಿನ ಕೆಲಸ ಸ್ಕೇಲ್ ಮಾಡುವುದು. ಉದ್ದನೆಯ ಕಾಗದದ ಪಟ್ಟಿ ಕತ್ತರಿಸಿ. ಅದರ ಎಡ ತುದಿಯಿಂದ ಒಂದು ಕಡ್ಡಿ ಇಟ್ಟು, ಕಡ್ಡಿ ಮುಗಿದಲ್ಲಿ ಗೆರೆ ಹಾಕಲಿ. ಅಲ್ಲಿಂದ ಮತ್ತೆ ಕಡ್ಡಿ, ಮತ್ತೆ ಗೆರೆ. ಆರು ಸಲ. ಈಗ ಕಡ್ಡಿ ಕೂತ ಜಾಗಗಳಿಗೆ ಒಂದು ಬಿಟ್ಟು ಒಂದಕ್ಕೆ ಬಣ್ಣ ತುಂಬಲಿ. ಅಂಕಿ ಬರೆಯುವುದು ಕೊನೆಗೆ: ಮೊದಲ ಕಡ್ಡಿ ಮುಗಿದ ಗೆರೆಗೆ 1, ಎರಡನೆಯದಕ್ಕೆ 2. "ಹಾಗಾದರೆ ಶುರುವಿನ ತುದಿಗೆ ಏನು ಬರೆಯೋಣ? ಅಲ್ಲಿ ಎಷ್ಟು ಕಡ್ಡಿ ಆಗಿತ್ತು?" ಮಗು "ಒಂದೂ ಇಲ್ಲ" ಅನ್ನುತ್ತದೆ. ಸೊನ್ನೆ ಯಾಕೆ ಅಲ್ಲಿದೆ ಅನ್ನೋದಕ್ಕೆ ಇನ್ನು ಬೇರೆ ವಿವರಣೆ ಬೇಡ.

5. ಚೌಕಾಬಾರ, ಆಮೇಲೆ ನಿಜವಾದ ಸ್ಕೇಲ್

ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯಲು ಮಗುವಿಗೇ ಹೇಳಿ. ಅಡ್ಡ ಐದು ಮನೆ, ಉದ್ದ ಐದು ಮನೆ, ಒಟ್ಟು 25. ಮೊದಲ ಸಲ ಬರೆಯುವ ಮಕ್ಕಳಲ್ಲಿ ಹೆಚ್ಚಿನವರು ಐದು ಗೆರೆ ಎಳೆದು ನಿಲ್ಲಿಸುತ್ತಾರೆ. ಎಣಿಸಿದರೆ ನಾಲ್ಕೇ ಮನೆ! ಮತ್ತೆ ಎಣಿಸುತ್ತಾರೆ, ಮುಖ ನೋಡುತ್ತಾರೆ, ಇನ್ನೊಂದು ಗೆರೆ ಎಳೆಯುತ್ತಾರೆ. ಐದು ಮನೆಗೆ ಆರು ಗೆರೆ. ಆಮೇಲೆ ಗಟ್ಟೆಯ ಮನೆಗಳಿಗೆ, ಅಂದರೆ ಕಾಯಿ ಹೊಡೆಯಲಾಗದ ಮನೆಗಳಿಗೆ, ಅಡ್ಡಗೆರೆ ಹಾಕಿ ಒಂದಾಟ ಆಡಿಬಿಡಿ, ಹುಣಸೆ ಬೀಜವೋ ಕವಡೆಯೋ ಯಾವುದಾದರೂ ಸರಿ.

ಆಟ ಮುಗಿದ ಮೇಲೆ ಬೀರುವಿನಿಂದ ಸ್ಕೇಲ್ ತೆಗೆಯಿರಿ. "ಇದರಲ್ಲಿ ಮನೆ ಯಾವುದು, ಗೆರೆ ಯಾವುದು?" ಸ್ಕೇಲಿನಲ್ಲಿ ಎಣಿಸಬೇಕಾದದ್ದು ಮನೆಗಳನ್ನು. ಒಂದು ಮನೆ ಒಂದು ಸೆಂಟಿಮೀಟರ್.

ಮಗುವಿಗೆ ಅರ್ಥ ಆಗಿದೆಯಾ ಅಂತ ತಿಳಿಯಲು ಒಂದೇ ಪ್ರಶ್ನೆ ಸಾಕು. ಪೆನ್ಸಿಲನ್ನು 3ರಿಂದ 9ರವರೆಗೆ ಇಟ್ಟು ಎಷ್ಟು ಉದ್ದ ಅಂತ ಕೇಳಿ. "ಒಂಬತ್ತು" ಅಂದರೆ ಮಗು ಕೊನೆಯ ಅಂಕಿ ಮಾತ್ರ ಓದುತ್ತಿದೆ, ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ. "ಏಳು" ಅಂದರೆ ಗೆರೆ ಎಣಿಸುತ್ತಿದೆ, ಚೌಕಾಬಾರ ಇನ್ನೊಂದು ಸಲ. "ಆರು" ಅಂದರೆ ಸ್ಕೇಲ್ ಇನ್ನು ಮಗುವಿನದು.

ಸ್ಕೇಲ್ ಬಗ್ಗೆ ಎರಡು ಮಾತು. ಕೆಲವು ಸ್ಕೇಲುಗಳಲ್ಲಿ ಸೊನ್ನೆ ಅಂಚಿನಲ್ಲೇ ಇರುತ್ತದೆ, ಕೆಲವುದರಲ್ಲಿ ಸ್ವಲ್ಪ ಒಳಗೆ. ಮೊದಲೇ ನೋಡಿಕೊಳ್ಳಿ. ಬಡಗಿಯ ಸ್ಟೀಲ್ ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತದೆ ಅಂತ ಅದು ಕೆಟ್ಟಿದೆ ಅಂದುಕೊಳ್ಳಬೇಡಿ. ಕೊಕ್ಕೆಯ ದಪ್ಪದಷ್ಟೇ ಅದು ಸರಿಯುವಂತೆ ಮಾಡಿರುತ್ತಾರೆ, ಒಳಗಿನಿಂದ ಒತ್ತಿ ಅಳೆದರೂ ಹೊರಗಿನಿಂದ ಎಳೆದು ಅಳೆದರೂ ಲೆಕ್ಕ ಸರಿ ಬರಲಿ ಅಂತ.

ಇಂಚು, ಅಡಿ ಹೇಳಿಕೊಡಬೇಕಾ? ಶಾಲೆಯಲ್ಲಿ ಸೆಂಟಿಮೀಟರ್, ಟೈಲರ್ ಹತ್ತಿರ ಇಂಚು, ಸೈಟಿನ ಮಾತಿಗೆ ಅಡಿ. ಬೆಂಗಳೂರಿನ ಮಗುವಿಗೆ ಮೂರೂ ಕಿವಿಗೆ ಬೀಳುತ್ತವೆ. ಆದರೆ ಮೊದಲು ಸೆಂಟಿಮೀಟರ್ ಗಟ್ಟಿಯಾಗಲಿ. 12 ಇಂಚಿಗೆ ಒಂದು ಅಡಿ, ಅದು 30 ಸೆಂಟಿಮೀಟರಿಗಿಂತ ಚೂರು ಜಾಸ್ತಿ ಅಂತ ಆಮೇಲೆ ಹೇಳಿದರಾಯಿತು.

6. ಆಕಾರ: ಹೆಸರಿಗಿಂತ ಮೊದಲು ಕೈ

ಆಕಾರದ ಪಾಠವನ್ನು ಚಾರ್ಟಿನಿಂದ ಶುರು ಮಾಡಬೇಡಿ, ಅಡುಗೆಮನೆಯಿಂದ ಮಾಡಿ. ಡಬ್ಬ, ಲಾಡು, ನಿಂಬೆಹಣ್ಣು, ಬೆಂಕಿಪೊಟ್ಟಣ, ಸೋಪಿನ ಪೆಟ್ಟಿಗೆ ತಂದಿಡಿ. ಯಾವುದು ಉರುಳುತ್ತೆ, ಯಾವುದು ಜಾರುತ್ತೆ, ಯಾವುದನ್ನು ಒಂದರ ಮೇಲೊಂದು ಪೇರಿಸಬಹುದು? ಡಬ್ಬ ಮಲಗಿಸಿದರೆ ಉರುಳುತ್ತದೆ, ನಿಲ್ಲಿಸಿದರೆ ಪೇರಿಸಬಹುದು. ಯಾಕೆ ಹೀಗೆ? ಆಮೇಲೆ ಡಬ್ಬದ ತಳವನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಯಲಿ. ವೃತ್ತ ಬರುತ್ತದೆ. ಸೋಪಿನ ಪೆಟ್ಟಿಗೆಯಿಂದ ಆಯತ. ಚಪ್ಪಟೆ ಆಕಾರ ಹುಟ್ಟುವುದು ಗಟ್ಟಿ ವಸ್ತುವಿನ ಮುಖದಿಂದ ಅನ್ನೋದು ಹೀಗೆ ಕೈಗೆ ತಿಳಿಯುತ್ತದೆ.

ಈಗ ಮದುವೆ ಕಾರ್ಡು, ಕತ್ತರಿ. ತ್ರಿಭುಜಗಳನ್ನು ಕತ್ತರಿಸಿ, ಆದರೆ ಒಂದೊಂದೂ ಬೇರೆ ಥರ ಇರಲಿ. ಸೂಜಿಯಂತೆ ಸಣಕಲಾಗಿರುವುದು, ಒಂದು ಕಡೆ ವಾಲಿರುವುದು, ತೀರಾ ಚಪ್ಪಟೆಯಾಗಿರುವುದು. ಜೊತೆಗೆ ಒಂದೆರಡು ಕಳ್ಳ ತ್ರಿಭುಜಗಳೂ ಇರಲಿ, ಒಂದು ಬದಿ ಬಿಲ್ಲಿನಂತೆ ಬಾಗಿರುವುದು, ಮೂಲೆ ದುಂಡಗಿರುವುದು. "ಯಾವುವು ತ್ರಿಭುಜ? ಯಾಕೆ?" ಈ ಯಾಕೆ ಅನ್ನೋದೇ ಮುಖ್ಯ. "ನೋಡಿದರೆ ಹಾಗೆ ಕಾಣುತ್ತೆ" ಅನ್ನುವ ಮಗು ಒಂದು ಮೆಟ್ಟಿಲಲ್ಲಿದೆ. "ಮೂರು ನೇರ ಗೆರೆ ಇದೆ, ಎಲ್ಲೂ ಬಾಯಿ ಬಿಟ್ಟಿಲ್ಲ" ಅನ್ನುವ ಮಗು ಮುಂದಿನ ಮೆಟ್ಟಿಲಲ್ಲಿದೆ. ನೆದರ್ಲೆಂಡ್ಸ್‌ನ ಶಿಕ್ಷಕ ದಂಪತಿ ಪಿಯರ್ ಮತ್ತು ಡೀನಾ ವಾನ್ ಹೀಲೆ 1957ರ ತಮ್ಮ ಪ್ರಬಂಧಗಳಲ್ಲಿ ಈ ಮೆಟ್ಟಿಲುಗಳನ್ನು ವಿವರಿಸಿದ್ದರು. ಮೊದಲ ಮೆಟ್ಟಿಲಲ್ಲಿರುವ ಮಗುವಿಗೆ ವ್ಯಾಖ್ಯಾನ ಉರುಹೊಡೆಸಿದರೆ ಅದು ಮೇಲೆ ಹತ್ತುವುದಿಲ್ಲ. ಕೈಯಲ್ಲಿ ಹಿಡಿದು, ತಿರುಗಿಸಿ, ಬೇರ್ಪಡಿಸಿ ಹತ್ತಬೇಕು.

ಚಾರ್ಟುಗಳ ಮೇಲೆ ನನಗಿರುವ ದೊಡ್ಡ ದೂರು ಇದೇ. ತ್ರಿಭುಜ ಯಾವಾಗಲೂ ತಳ ಕೆಳಗೆ, ಚೂಪು ಮೇಲೆ. ಚೌಕ ಯಾವಾಗಲೂ ನೆಟ್ಟಗೆ. ಅದನ್ನೇ ನೋಡಿ ಬೆಳೆದ ಮಗುವಿನ ಮುಂದೆ ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದರೆ "ಇದು ಡೈಮಂಡ್" ಅನ್ನುತ್ತದೆ. ಕಾರ್ಡಿನ ಚೌಕವನ್ನು ಮಗುವಿನ ಕಣ್ಣೆದುರೇ ನಿಧಾನವಾಗಿ ತಿರುಗಿಸಿ. "ಯಾವಾಗ ಬದಲಾಯಿತು? ಮೂಲೆ ಬದಲಾಯಿತಾ? ಬದಿ ಉದ್ದ ಆಯಿತಾ?"

ಇನ್ನೊಂದು ತಪ್ಪು ನಮ್ಮ ಬಾಯಲ್ಲೇ ಇದೆ. "ಇದು ಆಯತ ಅಲ್ಲ, ಚೌಕ" ಅಂತ ಯಾವತ್ತೂ ಹೇಳಬೇಡಿ. ಚೌಕವೂ ಆಯತವೇ, ನಾಲ್ಕೂ ಬದಿ ಸಮ ಇರುವ ಆಯತ. ಐದು ವರ್ಷಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಮುಂದೆ ಕಿತ್ತುಹಾಕಬೇಕಾದ ಮಾತನ್ನು ಈಗ ಬಿತ್ತದಿದ್ದರೆ ಸಾಕು.

ಲಂಬಕೋನಕ್ಕೆ, ಅಂದರೆ ನೆಟ್ಟಗಿನ ಮೂಲೆಗೆ, ಮೂಲೆಮಟ್ಟ ಕೊಳ್ಳುವ ಅಗತ್ಯ ಇಲ್ಲ. ಅಂಕುಡೊಂಕಾಗಿ ಹರಿದ ಯಾವುದಾದರೂ ಕಾಗದ ತೆಗೆದುಕೊಳ್ಳಿ. ಒಂದು ಸಲ ಮಡಿಸಿ. ಆ ಮಡಿಕೆಯ ಗೆರೆ ತನ್ನ ಮೇಲೆ ತಾನೇ ಸರಿಯಾಗಿ ಕೂರುವಂತೆ ಇನ್ನೊಂದು ಸಲ ಮಡಿಸಿ. ಬಂದ ಮೂಲೆಯೇ ಲಂಬಕೋನ. ಅದನ್ನು ಹಿಡಿದುಕೊಂಡು ಮಗು ಮನೆಯೆಲ್ಲ ಸುತ್ತಲಿ. ಬಾಗಿಲ ಮೂಲೆ, ಪುಸ್ತಕದ ಮೂಲೆ, ಟೈಲ್ಸಿನ ಮೂಲೆ. ಗೋಡೆ ಮೂಲೆಗೆ ಕೂರದಿದ್ದರೆ ಅದೂ ಒಂದು ಪಾಠವೇ.

7. ರಂಗೋಲಿ

ಇದನ್ನು ಅಜ್ಜಿಗೆ ಬಿಡಿ. ನೇರ ಚುಕ್ಕಿ ಇಟ್ಟು ಹತ್ತಿರದ ಚುಕ್ಕಿಗಳನ್ನು ಸೇರಿಸಿದರೆ ಚೌಕಗಳು ಬರುತ್ತವೆ. ಸಂದು ಚುಕ್ಕಿ ಇಟ್ಟರೆ, ಅಂದರೆ ಮೇಲಿನ ಸಾಲಿನ ಎರಡು ಚುಕ್ಕಿಗಳ ನಡುವೆ ಕೆಳಗಿನದು ಬಂದರೆ, ತ್ರಿಭುಜಗಳು. 7ರಿಂದ 4ರವರೆಗೆ ಸಂದು ಚುಕ್ಕಿ ಇಟ್ಟು, ಅಂದರೆ ನಡುವಿನ ಸಾಲಿಗೆ 7, ಮೇಲೂ ಕೆಳಗೂ ಸಾಲಿಗೊಂದು ಕಮ್ಮಿ ಮಾಡುತ್ತಾ 4ರವರೆಗೆ ಇಟ್ಟು, ಹೊರಗಿನ ಚುಕ್ಕಿಗಳನ್ನು ಸೇರಿಸಿದರೆ ಆರು ಮೂಲೆಯ ಆಕಾರ ತಾನಾಗಿ ಮೂಡುತ್ತದೆ. ಅರ್ಧ ರಂಗೋಲಿ ನೀವು ಬಿಡಿಸಿ, ಉಳಿದರ್ಧ ಮಗು ಬಿಡಿಸಲಿ. ಎಡಕ್ಕೂ ಬಲಕ್ಕೂ ಹೊಂದಬೇಕು ಅನ್ನೋ ಸಮಮಿತಿಯ ಪಾಠ ಅಲ್ಲಿಗೆ ಮುಗಿಯಿತು.

8. ಸುತ್ತಳತೆ ಬೇರೆ, ವಿಸ್ತೀರ್ಣ ಬೇರೆ

ಏಳೆಂಟು ವರ್ಷದವರಿಗೆ ಮಾತ್ರ. ಹನ್ನೆರಡು ಐಸ್‌ಕ್ರೀಮ್ ಕಡ್ಡಿ ಕೊಟ್ಟು ಬೇಲಿ ಹಾಕಲು ಹೇಳಿ. ಒಂದು ಬದಿಗೆ ಮೂರು ಕಡ್ಡಿಯಂತೆ ಚೌಕ ಮಾಡಿದರೆ ಒಳಗೆ ಒಂದು ಕಡ್ಡಿ ಅಳತೆಯ 9 ಚೌಕ ಹಿಡಿಯುತ್ತವೆ. ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು ಇಟ್ಟರೆ 8. ಉದ್ದಕ್ಕೆ ಐದು, ಅಗಲಕ್ಕೆ ಒಂದು ಇಟ್ಟರೆ 5. ಬೇಲಿ ಅಷ್ಟೇ, ಜಾಗ ಮಾತ್ರ ಕಮ್ಮಿ! ಎರಡೂ ಒಂದೇ ಅಂದುಕೊಂಡು ಗೊಂದಲಪಡುವ ಮಕ್ಕಳನ್ನು ದೊಡ್ಡ ತರಗತಿಗಳಲ್ಲೂ ನೋಡಿದ್ದೇನೆ. ಈ ಆಟ ಆಡಿದವರಿಗೆ ಆ ತೊಂದರೆ ಕಮ್ಮಿ.

"ಥರ್ಟಿ ಫಾರ್ಟಿ ಸೈಟ್" ಅನ್ನೋದನ್ನು ಮಗು ನೂರು ಸಲ ಕೇಳಿರುತ್ತದೆ. ಹಳೆ ಪೇಪರಿನಲ್ಲಿ ಒಂದಡಿ ಉದ್ದ ಒಂದಡಿ ಅಗಲದ ಚೌಕ ಕತ್ತರಿಸಿ ನೆಲಕ್ಕೆ ಹಾಸಿ. ಇದು ಒಂದು ಚದರ ಅಡಿ. ಇಂಥ ನೂರು ಹಾಸಿದರೆ ಮೇಸ್ತ್ರಿಗಳ ಮಾತಿನಲ್ಲಿ ಒಂದು ಚದರ. ಥರ್ಟಿ ಫಾರ್ಟಿಗೆ ಸಾಲಿಗೆ 30ರಂತೆ 40 ಸಾಲು, ಒಟ್ಟು 1200. ಉದ್ದವನ್ನು ಅಗಲದಿಂದ ಗುಣಿಸು ಅನ್ನುವ ಸೂತ್ರವನ್ನು ಇಷ್ಟೆಲ್ಲ ಹಾಸಿ ಎಣಿಸುವ ಮೊದಲು ಹೇಳಬೇಡಿ. ಎಣಿಸಿ ಸಾಕಾದ ಮಗುವೇ "ಸಾಲು ಎಣಿಸಿ ಗುಣಿಸಿದರೆ ಆಯ್ತಲ್ವಾ?" ಅನ್ನುವ ದಿನ ಬರುತ್ತದೆ.

9. ನೀರು, ತೂಕ

ಅರ್ಧ ಲೀಟರ್ ಪ್ಯಾಕೆಟ್ಟಿನಿಂದ ಬಾಟಲಿಗೆ, ಬಾಟಲಿಯಿಂದ ಬಕೆಟ್ಟಿಗೆ ಸುರಿದು ಎಣಿಸಲಿ. 20 ಲೀಟರ್ ನೀರಿನ ಕ್ಯಾನ್ ತುಂಬಲು ಇಂಥ ಎಷ್ಟು ಪ್ಯಾಕೆಟ್ ಬೇಕು ಅಂತ ಊಹಿಸಲಿ. ಮನೆಯಲ್ಲಿ ಹಳೆಯ ಪಾವು, ಸೇರು ಇದ್ದರೆ ಹೊರತೆಗೆಯಿರಿ. ನಾಲ್ಕು ಪಾವು ಅಕ್ಕಿಗೆ ಒಂದು ಸೇರು, ಕಾಲು ಅರ್ಧ ಮುಕ್ಕಾಲು ಕಲಿಸಲು ಅದು ತುಂಬ ಚೆನ್ನಾಗಿದೆ.

ತೂಕಕ್ಕೆ ಒಂದು ತೊಂದರೆ ಇದೆ. ಅಂಗಡಿಯ ತಕ್ಕಡಿ ಈಗ ಡಿಜಿಟಲ್, ತಟ್ಟೆ ಮೇಲೆ ಕೆಳಗೆ ಆಗುವುದನ್ನು ಮಗು ನೋಡಿಯೇ ಇಲ್ಲ. ಬಟ್ಟೆ ಹ್ಯಾಂಗರಿನ ಎರಡು ತುದಿಗೆ ಎರಡು ಚೀಲ ಕಟ್ಟಿ ತೂಗುಹಾಕಿ. ಒಂದರಲ್ಲಿ ಚೀಲದ ತುಂಬ ಕಡ್ಲೆಪುರಿ, ಇನ್ನೊಂದರಲ್ಲಿ ಒಂದು ಹಿಡಿ ಕಲ್ಲುಪ್ಪು. ಯಾವುದು ಕೆಳಗೆ ಹೋಗುತ್ತೆ ಅಂತ ಮೊದಲು ಕೇಳಿ.

ಕನ್ನಡದಲ್ಲಿ ಹೇಳಿಕೊಡಬೇಕಾ, ಇಂಗ್ಲಿಷಿನಲ್ಲಾ?

ಬೆಂಗಳೂರಿನಲ್ಲಿ ಇದನ್ನು ಕೇಳದವರಿಲ್ಲ. ಮಗು ಮನೆಯಲ್ಲಿ ಆಡುವ ಭಾಷೆಯಲ್ಲೇ ಹೇಳಿಕೊಡಿ, ಶಾಲೆಯ ಹೆಸರನ್ನು ಪಕ್ಕದಲ್ಲೇ ಇಡಿ: ತ್ರಿಭುಜ, ಟ್ರಯಾಂಗಲ್. ಎರಡು ಹೆಸರು ಒಂದೇ ವಸ್ತುವಿಗೆ ಇರುವುದು ಮಕ್ಕಳಿಗೆ ಹೊಸದೇನಲ್ಲ, ಅವರಿಗೇ ಮನೆಯಲ್ಲೊಂದು ಶಾಲೆಯಲ್ಲೊಂದು ಹೆಸರು ಇರುತ್ತದೆ ಅಲ್ವಾ? ಕನ್ನಡದ ಕೆಲವು ಪದಗಳು ತಾವೇ ಪಾಠ ಹೇಳುತ್ತವೆ. ಪೆರಿಮೀಟರ್ ಅಂದರೆ ಏನು ಅಂತ ಬಾಯಿಪಾಠ ಮಾಡಬೇಕು. ಸುತ್ತಳತೆ ಅಂದರೆ ಮಗು ಕೇಳುವುದೇ ಇಲ್ಲ, ದಾರ ಹಿಡಿದು ಸುತ್ತಲು ಹೊರಡುತ್ತದೆ.